ಅಕಲೇಸಿಯಾಗೆ ಚಿಕಿತ್ಸೆಯನ್ನು ಮುಂದೂಡಬಹುದೇ? ಬಲೂನೋ, ಆಪರೇಷನ್ನೋ?

ಚಿಂತಾಮಣಿಯಲ್ಲಿರುವ ನಿಮ್ಮ ತಾಯಿಯವರಿಗೆ ಅಕಲೇಸಿಯಾ ಇರುವುದು ಗೊತ್ತಾಗಿದೆ, ಗಂಜಿ, ನೀರು ಹೇಗೋ ಇಳಿಯುತ್ತಿರುವುದರಿಂದ ರಾಗಿ ಕೊಯ್ಲು ಮುಗಿಯುವವರೆಗೆ ಕಾಯಬಹುದೇ, ಮಾಡಿಸುವುದಾದರೆ ಬಲೂನೋ ಆಪರೇಷನ್ನೋ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಕೋಲಾರದಲ್ಲಿ ನನ್ನ ತಂದೆಯವರಿಗೆ ಇದೇ ಕಾಯಿಲೆಯಿದ್ದು, ಅವರನ್ನು ನೋಡಿಕೊಳ್ಳುತ್ತಾ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಈ ಕಾಯಿಲೆಯಲ್ಲಿ ಅನ್ನನಾಳದ ಗೋಡೆಯೊಳಗಿನ ನರಕೋಶಗಳು ನಶಿಸುವುದರಿಂದ, ಆಹಾರವನ್ನು ಕೆಳಕ್ಕೆ ತಳ್ಳುವ ಚಲನೆ ಕೆಡುತ್ತದೆ ಮತ್ತು ಜಠರದ ಬಾಯಿಯ ಬಳಿಯಿರುವ ಸ್ನಾಯು ನುಂಗುವಾಗ ಸಡಿಲವಾಗುವುದಿಲ್ಲ. ನಮ್ಮ ತಂದೆಯವರಿಗೆ ಮುದ್ದೆಯ ತುತ್ತು ಎದೆಯಲ್ಲೇ ನಿಂತು, ಅವರು ಊಟದ ನಡುವೆ ಎದ್ದು ನಿಂತು ನೀರು ಕುಡಿದು ಅದನ್ನು ಇಳಿಸಿಕೊಳ್ಳುತ್ತಿದ್ದರು. ಬೆಳಿಗ್ಗೆ ದಿಂಬಿನ ಮೇಲೆ ಹಿಂದಿನ ರಾತ್ರಿಯ ಅನ್ನದ ಅಗುಳು ಜೀರ್ಣವಾಗದೆ ಹಾಗೆಯೇ ಇರುತ್ತಿತ್ತು. ಗ್ಯಾಸ್ಟ್ರಿಕ್ ಮಾತ್ರೆಯಿಂದ ಇದು ಹೋಗದು.

ನೀರು ಇಳಿಯುತ್ತಿದೆ ಎಂಬುದನ್ನು ಕಾಯುವುದಕ್ಕೆ ಕಾರಣ ಮಾಡಿಕೊಳ್ಳಬೇಡಿ. ಮಲಗಿದಾಗ ಅನ್ನನಾಳದಲ್ಲಿ ನಿಂತ ಆಹಾರ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ಆಗುವುದೇ ನನಗೆ ಹೆಚ್ಚು ಭಯ ಹುಟ್ಟಿಸಿದ ತೊಡಕು. ತಾಯಿಯವರು ರಾತ್ರಿ ಕೆಮ್ಮಿ ಏಳುತ್ತಿದ್ದರೆ, ಅಥವಾ ತೂಕ ಇಳಿಯುತ್ತಿದ್ದರೆ, ಕೊಯ್ಲಿಗಾಗಿ ಕಾಯಲೇಬಾರದು. ವರ್ಷಗಟ್ಟಲೆ ಬಿಟ್ಟರೆ ಅನ್ನನಾಳ ಹಿಗ್ಗಿ ಸೊಟ್ಟಗಾಗಬಹುದು. ಆ ಹಂತದಲ್ಲಿ ಕೆಲವರಿಗೆ ಅದನ್ನೇ ತೆಗೆಯಬೇಕಾಗುತ್ತದೆ. ಅನ್ನನಾಳದ ಕ್ಯಾನ್ಸರ್ ಬರುವ ಸಾಧ್ಯತೆಯೂ ಇತರರಿಗಿಂತ ಹೆಚ್ಚು.

ಬಲೂನೋ ಆಪರೇಷನ್ನೋ ಎಂಬುದನ್ನು ಮ್ಯಾನೋಮೆಟ್ರಿ (ಅನ್ನನಾಳದೊಳಗಿನ ಒತ್ತಡ ಅಳೆಯುವ ಪರೀಕ್ಷೆ) ವರದಿ ನೋಡದೆ ತೀರ್ಮಾನಿಸಬಾರದು, ಏಕೆಂದರೆ ಅಕಲೇಸಿಯಾದಲ್ಲಿ ಮೂರು ಬಗೆಗಳಿದ್ದು, ಬಗೆಗೆ ತಕ್ಕಂತೆ ಚಿಕಿತ್ಸೆ ಬೇರೆಯಾಗಬಹುದು. ಜಠರದ ಬಾಯಿಯ ಬಳಿಯ ಕ್ಯಾನ್ಸರ್ ಸಹ ಇದೇ ಲಕ್ಷಣ ತೋರಿಸಬಲ್ಲದಾದ್ದರಿಂದ ಎಂಡೋಸ್ಕೋಪಿಯೂ ಆಗಿರಬೇಕು. ಬಿಗಿಯಾದ ಸ್ನಾಯುವನ್ನು ಒಳಗಿನಿಂದ ಹಿಗ್ಗಿಸುವ ಬಲೂನನ್ನು ಸಾಮಾನ್ಯವಾಗಿ 30 ಮಿ.ಮೀ. ಅಗಲದಿಂದ ಆರಂಭಿಸುತ್ತಾರೆ, ಬೇಕಾದರೆ ಮುಂದೆ 35, 40ಕ್ಕೆ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗಿಲ್ಲ, ಆದರೆ ಕೆಲವರಿಗೆ ಮತ್ತೆ ಮಾಡಿಸಬೇಕಾಗುತ್ತದೆ. ಅಪರೂಪಕ್ಕೆ ಅನ್ನನಾಳ ಹರಿಯುವ ಅಪಾಯವೂ ಇದೆ. ಬಲೂನಿನ ನಂತರ ತೀವ್ರ ಎದೆನೋವು, ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೆಲ್ಲರ್ ಶಸ್ತ್ರಚಿಕಿತ್ಸೆಯಲ್ಲಿ ಬಿಗಿಯಾದ ಸ್ನಾಯುವನ್ನು ಲ್ಯಾಪರೋಸ್ಕೋಪಿಯಿಂದ ಕತ್ತರಿಸಿ, ಆಮ್ಲ ಮೇಲೆ ಬರದಂತೆ ಜಠರದ ಒಂದು ಭಾಗವನ್ನು ಸುತ್ತಿ ಹೊಲಿಯುತ್ತಾರೆ. 2008ರಲ್ಲಿ ಜಪಾನಿನ ಡಾ. ಹರುಹಿರೊ ಇನೌಯೆ ಆರಂಭಿಸಿದ ‘ಪೋಯೆಮ್’ ವಿಧಾನದಲ್ಲಿ ಬಾಯಿಯ ಮೂಲಕವೇ ಆ ಸ್ನಾಯುವನ್ನು ಕತ್ತರಿಸುತ್ತಾರೆ. ಅನ್ನನಾಳ ಸೆಟೆದುಕೊಳ್ಳುವ ಮೂರನೆಯ ಬಗೆಯ ಅಕಲೇಸಿಯಾಗೆ ಇದು ಹೆಚ್ಚು ಒಪ್ಪುತ್ತದೆ, ಆದರೆ ಆಮ್ಲದ ತೊಂದರೆ ಇದರಲ್ಲಿ ಹೆಚ್ಚು. ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದಿನ ಪರಿಣಾಮ ಕೆಲವು ತಿಂಗಳುಗಳದ್ದು, ಅದು ಬಲೂನನ್ನಾಗಲಿ ಆಪರೇಷನ್ನನ್ನಾಗಲಿ ತಾಳಲಾರದ ವಯಸ್ಸಾದವರಿಗೆ.

ಯಾವುದನ್ನೇ ಮಾಡಿಸಿದರೂ ದಾರಿ ತೆರೆಯುತ್ತದೆಯೇ ಹೊರತು ಸತ್ತ ನರಕೋಶಗಳು ಮರಳುವುದಿಲ್ಲ. ಆದ್ದರಿಂದ ನಮ್ಮ ತಂದೆಯವರು ಇಂದಿಗೂ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಮೆತ್ತಗೆ ಮಾಡಿಕೊಂಡು ಉಣ್ಣುತ್ತಾರೆ, ಊಟವಾಗಿ ಮೂರು ಗಂಟೆ ಕಳೆಯದೆ ಮಲಗುವುದಿಲ್ಲ, ತಲೆಯ ಕಡೆ ಮಂಚ ಎತ್ತರಿಸಿದ್ದೇವೆ. ಚಿಕಿತ್ಸೆ ಆಗುವವರೆಗೆ ನಿಮ್ಮ ತಾಯಿಯವರಿಗೂ ಇದನ್ನೇ ಮಾಡಿ, ಮ್ಯಾನೋಮೆಟ್ರಿ ಆಗಿಲ್ಲದಿದ್ದರೆ ಈ ವಾರವೇ ವೈದ್ಯರನ್ನು ಕೇಳಿ.