ಲಾಂಝೌನಲ್ಲಿ ಬೆಳಿಗ್ಗೆ ಬೇಗ ಏಳಬೇಕು

ಪ್ರಶ್ನೆ: ಕಚೇರಿ ಕೆಲಸದ ಮೇಲೆ ಚೀನಾದ ಶಿಯಾನ್‌ಗೆ ಹೋಗುವವನಿದ್ದೇನೆ. ಕೊನೆಗೆ ಎರಡು ದಿನ ಬಿಡುವಿದೆ. ನೀವು ಲಾಂಝೌನಲ್ಲಿ ಸಂಸಾರ ಹೂಡಿದ್ದವರು. ಅಲ್ಲಿಗೆ ಹೋಗಿಬರಬಹುದೇ? ನಾನು ಸಸ್ಯಾಹಾರಿ. ಬೀದಿಯಲ್ಲಿ ತಿನ್ನಲು ಏನಾದರೂ ಸಿಕ್ಕೀತೇ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. ಶಿಯಾನ್‌ನಿಂದ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಗಾನ್ಸು ಪ್ರಾಂತ್ಯದ ರಾಜಧಾನಿಯಾದರೂ ಪ್ರವಾಸಿಗರು ಈ ಊರಿನಲ್ಲಿ ರೈಲು ಬದಲಿಸಿ ದುನ್‌ಹುವಾಂಗ್‌ನ ಬೌದ್ಧ ಗುಹೆಗಳ ಕಡೆಗೆ ಹೊರಟುಬಿಡುತ್ತಾರೆ. ನನಗೆ ಇದು ಬೇಸರದ ವಿಷಯ. ಎರಡು ಬೆಟ್ಟಸಾಲುಗಳ ನಡುವೆ ಹಳದಿ ನದಿ ಊರನ್ನು ಸೀಳಿಕೊಂಡು ಹರಿಯುತ್ತದೆ. ಅಗಲಕ್ಕೆ ಜಾಗವಿಲ್ಲದ ಊರು ನದಿಯ ಉದ್ದಕ್ಕೇ ಬೆಳೆದಿದೆ.

ಬೆಳಿಗ್ಗೆ ಬೇಗ ಏಳಿ. ಇಡೀ ಚೀನಾಕ್ಕೆ ಬೀಜಿಂಗ್ ಸಮಯವೇ ಸಮಯ. ಲಾಂಝೌ ಪಶ್ಚಿಮಕ್ಕಿರುವುದರಿಂದ ಚಳಿಗಾಲದಲ್ಲಿ ಎಂಟು ಗಂಟೆ ದಾಟಿದರೂ ಸೂರ್ಯ ಕಾಣುವುದಿಲ್ಲ. ಆ ಕತ್ತಲೆಯಲ್ಲೇ ನೂಡಲ್ಸ್ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ನಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಶಾಲೆಯ ಮಕ್ಕಳು, ಬಸ್ ಚಾಲಕರು, ಬ್ಯಾಂಕಿನವರು ಒಂದೇ ಮೇಜಿಗೆ ಕುಳಿತು ಹತ್ತು ನಿಮಿಷದಲ್ಲಿ ಬಟ್ಟಲು ಬರಿದು ಮಾಡಿ ಏಳುತ್ತಿದ್ದರು. ಹಳೆಯ, ಒಳ್ಳೆಯ ಅಂಗಡಿಗಳಲ್ಲಿ ಅನೇಕವು ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುತ್ತವೆ.

ಆದರೆ ಆ ಬಟ್ಟಲು ನಿಮಗಲ್ಲ. ಅದರ ತಿಳಿಸಾರು ದನದ ಮಾಂಸ ಮತ್ತು ಮೂಳೆಯನ್ನು ಕುದಿಸಿ ತೆಗೆದದ್ದು. ಮಾಂಸದ ಚೂರು ಬೇಡವೆಂದರೆ ಬಿಡುತ್ತಾರೆ, ಸಾರು ಬದಲಾಗುವುದಿಲ್ಲ. ನೀವು ನ್ಯಾಂಗ್‌ಪಿ ಕೇಳಿ. ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆದು ತೆಗೆದ ಹಾಲನ್ನು ಹಬೆಯಲ್ಲಿ ಬೇಯಿಸಿ, ಹಾಳೆಯಾದ ಮೇಲೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ವಿನೆಗರ್, ಬೆಳ್ಳುಳ್ಳಿ, ಎಳ್ಳಿನ ಪೇಸ್ಟ್, ಮೆಣಸಿನ ಎಣ್ಣೆ ಹಾಕಿ ತಣ್ಣಗೆ ಕೊಡುತ್ತಾರೆ. ನನಗೆ ಇಂದಿಗೂ ನೆನಪಾಗಿ ಬಾಯಲ್ಲಿ ನೀರೂರುವುದು ಇದಕ್ಕೇ. ಬಟಾಣಿ ಮತ್ತು ಕೆಂಪು ಖರ್ಜೂರದಂಥ ಜುಜುಬೆ ಹಣ್ಣನ್ನು ಕರಗುವಷ್ಟು ಬೇಯಿಸಿದ ಸಿಹಿ ಗಂಜಿ ಹುಯ್‌ದೋಜ. ಓಟ್ಸ್ ಕಾಳನ್ನು ಬೇಯಿಸಿ ಹುದುಗು ಬರಿಸಿದ್ದು ತಿಯನ್‌ಪೈಜ. ಇದರಲ್ಲಿ ಮದ್ಯದ ಅಂಶ ತುಸು ಇರುತ್ತದೆ, ಬೇಡದವರು ಬಿಡಿ. ‘ವೋ ಚೀ ಸು’ ಎಂದರೆ ನಾನು ಸಸ್ಯಾಹಾರಿ ಎಂದಾಯಿತು. ಇದನ್ನು ಚೀನೀ ಲಿಪಿಯಲ್ಲಿ ಬರೆಸಿ ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಹೊರಡುವ ಮುನ್ನವೇ ಹಣ ಪಾವತಿಸುವ ಅಲಿಪೇ ಆ್ಯಪ್ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಗಾಡಿಯವರೂ ಮೊಬೈಲ್‌ನಲ್ಲೇ ಹಣ ಪಡೆಯುತ್ತಾರೆ.

ಪ್ರಶ್ನೆ: ನಮ್ಮದು ಸಣ್ಣ ಹೋಟೆಲು. ಲಾಂಝೌನವರು ಕೈಯಲ್ಲೇ ಎಳೆಯುವ ನೂಡಲ್ಸ್ ತುಂಡಾಗುವುದಿಲ್ಲವಂತೆ. ಏನು ಹಾಕುತ್ತಾರೆ?
– ಓದುಗರು, ಶಿವಮೊಗ್ಗ

ಉತ್ತರ: ಅಂಟು ಹೆಚ್ಚಿರುವ ಗೋಧಿ ಹಿಟ್ಟು, ಚೆನ್ನಾಗಿ ನಾದುವ ತೋಳು, ಜೊತೆಗೆ ಬೂದಿ. ಆ ಒಣನಾಡಿನಲ್ಲಿ ಬೆಳೆಯುವ ಒಂದು ಕುರುಚಲು ಗಿಡವನ್ನು ಸುಟ್ಟು ತೆಗೆದ ಬೂದಿಗೆ ಪೆಂಗ್‌ಹುಯ್ ಎನ್ನುತ್ತಾರೆ. ನಾವು ಹಪ್ಪಳದ ಹಿಟ್ಟಿಗೆ ಹಪ್ಪಳಖಾರ ಎಂಬ ಕ್ಷಾರದ ಪುಡಿ ಹಾಕಿದಂತೆಯೇ ಇದು. ಕ್ಷಾರ ಸೇರಿದಾಗ ಹಿಟ್ಟಿನ ಅಂಟು ಗಟ್ಟಿಯಾಗಿ, ಎಳೆದಷ್ಟೂ ಹಿಗ್ಗುತ್ತದೆ, ಬಣ್ಣವೂ ತುಸು ಹಳದಿಗೆ ತಿರುಗುತ್ತದೆ. ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಎಚ್ಚರ. ಈಗ ಹೆಚ್ಚಿನ ಅಂಗಡಿಗಳಲ್ಲಿ ಬೂದಿಯ ಬದಲು ಕಾರ್ಖಾನೆಯ ಪುಡಿ ಬಳಸುತ್ತಾರೆ. ಹುಯ್‌ದೋಜದ ಬಟಾಣಿ ಕರಗುವಂತೆ ಬೇಯುವುದೂ ಇದೇ ಕ್ಷಾರದಿಂದ.

ಎಳೆಯುವ ಲೆಕ್ಕ ಸರಳ. ಒಮ್ಮೆ ಎಳೆದು ಮಡಿಸಿದರೆ ಎರಡು ಎಳೆ, ಮತ್ತೊಮ್ಮೆ ನಾಲ್ಕು, ಏಳನೆಯ ಮಡಿಕೆಗೆ 128. ಚೀಟಿ ಕೊಟ್ಟ ಕೂಡಲೇ ಕಿಟಕಿಯಾಚೆಯಿಂದ ಎಷ್ಟು ದಪ್ಪ ಬೇಕೆಂದು ಕೇಳುತ್ತಾರೆ. ಕೂದಲಿನಷ್ಟು ಸಣ್ಣದು ಮಾವೊಶಿ, ತುಸು ದಪ್ಪನೆಯದು ಎರ್‌ಶಿ, ಬೆಲ್ಟಿನಷ್ಟು ಅಗಲದ್ದು ದಾಕ್ವಾನ್. ನೀವು ಹೇಳಿದ ಮೇಲೆಯೇ ಹಿಟ್ಟು ಎಳೆಯುವವನ ಕೈಗೆ ಬರುತ್ತದೆ, ಎಳೆದದ್ದು ನೇರ ಕುದಿವ ನೀರಿಗೆ ಬೀಳುತ್ತದೆ. ಮಾಡಿಟ್ಟದ್ದನ್ನು ಬಡಿಸುವ ಮಾತೇ ಇಲ್ಲ. ಹೋಟೆಲಿನವರಾದ ನೀವು ಕಲಿಯಬೇಕಾದದ್ದು ಬೂದಿಗಿಂತ ಇದನ್ನೇ ಎಂಬುದು ನನ್ನ ಅಭಿಪ್ರಾಯ. ತಿಳಿಸಾರು, ಬಿಳಿ ಮೂಲಂಗಿ, ಕೆಂಪು ಮೆಣಸಿನ ಎಣ್ಣೆ, ಹಸಿರು ಕೊತ್ತಂಬರಿ, ಹಳದಿ ನೂಡಲ್ಸ್: ಇವು ಐದೂ ಇದ್ದರೇ ಅಲ್ಲಿನವರು ಒಪ್ಪುತ್ತಾರೆ. ಈ ಅಂಗಡಿಗಳನ್ನು ಬಹುಪಾಲು ನಡೆಸುವವರು ಹುಯ್ ಮುಸ್ಲಿಮರು. ಅಲ್ಲಿ ಹಂದಿಮಾಂಸ ಸಿಗುವುದಿಲ್ಲ.

ಪ್ರಶ್ನೆ: ಅಲ್ಲಿನ ಜನ ಸಂಜೆ ಹೇಗೆ ಕಳೆಯುತ್ತಾರೆ?
– ಓದುಗರು, ಉಡುಪಿ

ಉತ್ತರ: ನದಿಯ ದಡದಲ್ಲಿ. 1909ರಲ್ಲಿ ಕಟ್ಟಿದ ಕಬ್ಬಿಣದ ಝೊಂಗ್‌ಶಾನ್ ಸೇತುವೆ ಈಗ ನಡೆಯುವವರಿಗೆ ಮೀಸಲು. ಬೇಸಿಗೆಯಲ್ಲಿ ದಡದುದ್ದಕ್ಕೂ ಚಹಾದ ಕುರ್ಚಿಗಳು ಬರುತ್ತವೆ. ಮುಚ್ಚಳದ ಬಟ್ಟಲಿನಲ್ಲಿ ಚಹಾ ಎಲೆಯ ಜೊತೆ ಜುಜುಬೆ, ಒಣದ್ರಾಕ್ಷಿ, ಕಲ್ಲುಸಕ್ಕರೆ ಹಾಕಿ ಬಿಸಿನೀರು ಸುರಿಯುತ್ತಾರೆ. ಒಮ್ಮೆ ಹಣ ಕೊಟ್ಟರೆ ನೀರು ಎಷ್ಟು ಸಲವಾದರೂ ಬರುತ್ತದೆ. ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದುಕೊಂಡು ಹೋದರೆ ಸೂರ್ಯಕಾಂತಿ ಬೀಜ ಬಿಡಿಸುತ್ತ ಕತ್ತಲಾಗುವವರೆಗೂ ಏಳುತ್ತಿರಲಿಲ್ಲ. ಜುಲೈನಲ್ಲಿ ಅಲ್ಲಿ ಕತ್ತಲಾಗುವುದು ಎಂಟೂವರೆಯ ಮೇಲೆ. ಆಮೇಲೆ ಝೆಂಗ್‌ನಿಂಗ್ ರಸ್ತೆಯ ರಾತ್ರಿ ಸಂತೆ. ಅಲ್ಲಿ ಹಾಲು, ಮೊಟ್ಟೆ, ಹುದುಗಿದ ಅನ್ನ ಸೇರಿಸಿ ಕುದಿಸಿ, ಮೇಲೆ ಕಡಲೆಕಾಯಿ ಬೀಜ, ಎಳ್ಳು ಉದುರಿಸಿ ಕೊಡುವ ಬಿಸಿ ಪಾನೀಯಕ್ಕೆ ದೊಡ್ಡ ಸಾಲು ಇರುತ್ತದೆ. ಮೊಟ್ಟೆ ತಿನ್ನುವವರಾದರೆ ಆ ಸಾಲಿನಲ್ಲಿ ನಿಲ್ಲಿ.