ಬೆಂಗಳೂರಿನಲ್ಲಿ ಅಂಗಡಿಗೆ ವೆಬ್ ಡಿಸೈನರ್ ಆರಿಸುವುದು ಹೇಗೆ?

ಗಾಂಧಿ ಬಜಾರಿನಲ್ಲಿ ಸಣ್ಣ ಸೀರೆ ಅಂಗಡಿ ಇದೆ, ವೆಬ್‌ಸೈಟ್ ಮಾಡಿಸಲು ಯಾರನ್ನು ಹಿಡಿಯಲಿ ಎಂದು ಕೇಳಿದ್ದೀರಿ. ರೇಟು ಆಮೇಲೆ, ಮೊದಲು ಡೊಮೇನ್, ಅಂದರೆ ನಿಮ್ಮ ವೆಬ್‌ಸೈಟಿನ ವಿಳಾಸ, ಯಾರ ಹೆಸರಲ್ಲಿ ಇರುತ್ತದೆ ಅಂತ ಕೇಳಿ. ನಮ್ಮ ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯ ಡೊಮೇನನ್ನು ಡಿಸೈನರ್ ತನ್ನ ಹೆಸರಲ್ಲೇ, ತನ್ನ ಇಮೇಲ್‌ನಲ್ಲೇ ತೆಗೆದುಕೊಂಡಿದ್ದ; ಮರುವರ್ಷ ರಿನ್ಯೂ ಮಾಡುವ ಹೊತ್ತಿಗೆ ಆತ ಫೋನ್ ಎತ್ತಲಿಲ್ಲ, ಬಿಲ್ ಬುಕ್ಕು, ಬೋರ್ಡು ಎಲ್ಲದರ ಮೇಲೂ ಅಚ್ಚು ಹಾಕಿಸಿದ್ದ ವಿಳಾಸ ಕೈಬಿಟ್ಟು ಹೋಯಿತು. ಹಾಗಾಗಿ ನಿಮ್ಮ ಇಮೇಲ್, ನಿಮ್ಮ ಕಾರ್ಡಿನಿಂದಲೇ ಖರೀದಿಸಿ. ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ.

ಅವರು ಹಿಂದೆ ಮಾಡಿದ ಮೂರ್ನಾಲ್ಕು ಸೈಟುಗಳನ್ನು ನಿಮ್ಮ ಮೊಬೈಲಿನಲ್ಲೇ, ವೈಫೈ ಆಫ್ ಮಾಡಿ ತೆಗೆದು ನೋಡಿ. ಮೆಟ್ರೋದಲ್ಲಿ ಕೂತ ಗಿರಾಕಿ ನೋಡುವುದು ಹಾಗೇ ಅಲ್ವಾ? ಆ ಅಂಗಡಿಯವರಿಗೆ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು.

ಕನ್ನಡ ಪುಟ ಬೇಕೆಂದರೆ ಯೂನಿಕೋಡ್‌ನಲ್ಲೇ (ಎಲ್ಲ ಫೋನು, ಕಂಪ್ಯೂಟರುಗಳೂ ಅಕ್ಷರವಾಗಿ ಓದಬಲ್ಲ ಸಾಮಾನ್ಯ ವ್ಯವಸ್ಥೆ) ಇರಬೇಕು ಎಂದು ಗಟ್ಟಿಯಾಗಿ ಹೇಳಿ. ಕೆಲವರು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅದನ್ನೇ ಚಿತ್ರ ಮಾಡಿ ಅಂಟಿಸುತ್ತಾರೆ, ಆಗ ‘ಮದುವೆ ಸೀರೆ’ ಅಂತ ಗೂಗಲ್‌ನಲ್ಲಿ ಹುಡುಕಿದವರಿಗೆ ನೀವು ಸಿಗುವುದು ಕಷ್ಟ.

ದುಡ್ಡು ಪೂರ್ತಿ ಮುಂಗಡ ಕೊಡಬೇಡಿ, ಕಂತಿನಲ್ಲಿ ಕೊಡಿ. ಹೊಸ ಸೀರೆಯ ಫೋಟೋ ನೀವೇ ಹಾಕಲು ಬರುವ ಹಾಗೆ ಕಲಿಸಿಕೊಟ್ಟ ಮೇಲೆ ಕೊನೆಯ ಕಂತು.