ಹುಡುಗರನ್ನು ಬಾಲ್ ಕೊಟ್ಟು ಹೊರಗೆ ಕಳಿಸಿದ ಪಾಠ

ಏಳನೇ ತರಗತಿ ಹುಡುಗ, ವಯಸ್ಸು 12. ಗುರುತು ಸಿಗದಂತೆ ವಿವರ ಬದಲಿಸಿದೆ. ಊಟ ಸೇರುತ್ತಿಲ್ಲ, ಅಜ್ಜಿ ಪಕ್ಕ ಮಲಗುತ್ತಿದ್ದವನು ಚಾಪೆ ಎತ್ತಿಕೊಂಡು ಜಗಲಿಗೆ ಹೋಗಿಬಿಟ್ಟಿದ್ದಾನೆ ಎಂದು ತಂದೆ ನನ್ನ ಬಳಿ ಕರೆತಂದರು. ಇಂಥ ಹುಡುಗರು ಪದೇಪದೇ ಬರುತ್ತಾರೆ.

ಎರಡು ಭೇಟಿ ಮಾತಿಲ್ಲದೆ ಮುಗಿದವು. ಮೂರನೇ ಸಲ ತಂದೆಯನ್ನು ಹೊರಗೆ ಕೂರಿಸಿ, "ಹೇಳೋಕಾಗದಿದ್ರೆ ಬರಿ" ಎಂದು ಹಾಳೆ ಕೊಟ್ಟಾಗ ಬರೆದದ್ದು ಎರಡೇ ಪದ: "ಧಾತು ಹೋಗ್ತಿದೆ." ಧಾತು ಎಂದರೆ ವೀರ್ಯ, ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸಿದ್ದ ಗುಪ್ತರೋಗದ ಜಾಹೀರಾತಿನಿಂದ ಕಲಿತ ಪದ ಅದು. ನಾಲ್ಕು ರಾತ್ರಿ ಚಡ್ಡಿ ಒದ್ದೆಯಾಗಿತ್ತು. ಮನೆಯವರು ಏಳುವ ಮುಂಚೆ ತೊಳೆದು, ಹಿಂಡಿ, ಹಸಿಯದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ. ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದಿತ್ತು. ಅದನ್ನೂ ಆ ರೋಗದ ಗುರುತೆಂದೇ ನಂಬಿದ್ದ.

"ಸ್ಕೂಲಲ್ಲಿ ಯಾರೂ ಹೇಳ್ಕೊಡಲಿಲ್ವಾ?"

"ಹುಡುಗೀರಿಗೆ ನರ್ಸ್ ಬಂದು ಹೇಳಿದ್ರು, ಪ್ಯಾಡ್ ಕೊಟ್ರು. ನಮಗೆ ಬಾಲ್ ಕೊಟ್ಟು ಫೀಲ್ಡಿಗೆ ಕಳ್ಸಿದ್ರು."

ಅವನಿಗೆ ಹೇಳಿದ್ದಿಷ್ಟು: ಇದರ ಹೆಸರು ಸ್ವಪ್ನಸ್ಖಲನ, ಅಂದರೆ ನಿದ್ದೆಯಲ್ಲಿ ವೀರ್ಯ ತಾನಾಗಿ ಹೊರಬರುವುದು. ವೃಷಣಗಳು ವೀರ್ಯಾಣು ತಯಾರಿಸಲು ಶುರುಮಾಡಿವೆ. ಹೊರಬರುವುದು ಒಂದು ಟೀ ಚಮಚ ತುಂಬುವಷ್ಟೂ ಇರುವುದಿಲ್ಲ. ಅದು ರಕ್ತದಿಂದ ಬಸಿದದ್ದಲ್ಲ, ಶಕ್ತಿ ಕುಂದುವುದಿಲ್ಲ. ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ, ಎರಡೂ ಸರಿಯೇ. ಎದ್ದು ತೊಳೆದುಕೊಂಡು ಒಣಚಡ್ಡಿ ಹಾಕಿಕೋ. ಹುಳುಕಡ್ಡಿಗೆ ಚರ್ಮದ ಡಾಕ್ಟರನ್ನು ನೋಡು. ಉಚ್ಚೆ ಹೊಯ್ಯುವಾಗ ಉರಿ ಅಥವಾ ರಕ್ತ ಕಂಡರೆ ಮಾತ್ರ ಬೇರೆ ಪರೀಕ್ಷೆ ಬೇಕು. ಹುಡುಗ ಎರಡು ಸಲ ಕೇಳಿದ, "ಹಾಗಾದ್ರೆ ಸಾಯಲ್ವಾ?"

ತಂದೆಗೆ ಸಿಟ್ಟು ಬಂತು. "ಇದನ್ನೆಲ್ಲ ಈ ವಯಸ್ಸಿಗೇ ಹೇಳಿ ಕೆಡಿಸೋದಾ ಮೇಡಂ?" ಗೋಡೆ ಆಗಲೇ ಹೇಳಿಬಿಟ್ಟಿದೆ, ಸುಳ್ಳು ಹೇಳಿದೆ ಅಷ್ಟೆ ಎಂದು ಉತ್ತರಿಸಬೇಕಾಯಿತು. ಅಂಗದ ಹೆಸರು ಗೊತ್ತಿರಬೇಕು ಎಂದು ಹಟ ಹಿಡಿಯಲು ಕಾರಣವಿದೆ. ಈ ವಯಸ್ಸಿನಲ್ಲಿ ವೃಷಣ ತಿರುಚಿಕೊಂಡು ಇದ್ದಕ್ಕಿದ್ದಂತೆ ನೋವು ಬರುವುದುಂಟು. ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಹೇಳಲು ನಾಚಿದ ಹುಡುಗ "ಹೊಟ್ಟೆನೋವು" ಅನ್ನುತ್ತಾನೆ, ಮನೆಯವರು ಓಮಿನ ಕಷಾಯ ಕುಡಿಸುತ್ತಾರೆ.

ಶಾಲೆಗೆ ಕೊಟ್ಟ ಸಲಹೆ, 6 ಮತ್ತು 7ನೇ ತರಗತಿಗೆ, 40 ನಿಮಿಷದ ನಾಲ್ಕು ಪೀರಿಯಡ್. ಮೊದಲನೆಯದರಲ್ಲಿ ಹುಡುಗರು, ಹುಡುಗಿಯರು ಒಟ್ಟಿಗೇ ಕೂರಲಿ. ಮುಟ್ಟು, ಸ್ಖಲನ ಎರಡನ್ನೂ ಇಬ್ಬರೂ ಕೇಳಲಿ. ಶಿಶ್ನ, ಯೋನಿ, ಗರ್ಭಕೋಶ ಎಂದು ಬೋರ್ಡಿನ ಮೇಲೆ ಬರೆದು ಗಟ್ಟಿಯಾಗಿ ಓದಿಸಿ. ನಗು ಬರುತ್ತದೆ, ಗದರಬೇಡಿ. ಮೂರನೇ ಸಲ ಓದುವಷ್ಟರಲ್ಲಿ ತಾನೇ ನಿಲ್ಲುತ್ತದೆ. ಎರಡನೆಯದು ಬೇರೆಬೇರೆಯಾಗಿ, ಹೇಳಿಕೊಳ್ಳಲು ಸಂಕೋಚವಿರುವ ಮಾತುಗಳಿಗೆ. ಮೂರನೆಯದು ಮತ್ತೆ ಒಟ್ಟಿಗೆ: ಗೇಲಿ, ಒತ್ತಾಯ, ಬೇಡ ಅಂದರೆ ಬೇಡ ಎಂಬುದು, ಫೋನಿನಲ್ಲಿ ಫೋಟೊ ಕೇಳುವವರು.

ನಾಲ್ಕನೆಯದು ಪ್ರಶ್ನೆಪೆಟ್ಟಿಗೆ. ಪ್ರಶ್ನೆ ಇದ್ದವರಷ್ಟೇ ಬರೆಯಿರಿ ಎಂದರೆ ಪೆಟ್ಟಿಗೆ ಖಾಲಿ ಬರುತ್ತದೆ, ಇಲ್ಲವೇ ಬರೆದವರು ಯಾರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಎಲ್ಲರಿಗೂ ಒಂದೇ ಅಳತೆಯ ಚೀಟಿ ಕೊಡಿ. ಪ್ರಶ್ನೆ ಇಲ್ಲದವರು ಮಧ್ಯಾಹ್ನ ಏನು ಊಟ ಮಾಡಿದೆ ಎಂದು ಎರಡು ಸಾಲು ಬರೆಯಲಿ, ಆಗ ಪೆನ್ನು ಎಲ್ಲರದೂ ಓಡುತ್ತಿರುತ್ತದೆ. ಚೀಟಿಗಳನ್ನು ಹಿಂದಿನ ದಿನವೇ ಸಂಗ್ರಹಿಸಿ ಮೇಷ್ಟ್ರು ಮೊದಲು ಒಬ್ಬರೇ ಓದಿಕೊಳ್ಳಬೇಕು. "ಮಾವ ಹೀಗೆ ಮಾಡ್ತಾರೆ" ಎಂಬ ಚೀಟಿಯೂ ಅದರಲ್ಲಿ ಇರಬಹುದು. ಅದನ್ನು ತರಗತಿಯಲ್ಲಿ ಓದಬಾರದು, ಯಾರ ಅಕ್ಷರ ಎಂದು ವಿಚಾರಿಸಬಾರದು. "ಯಾರಿಗಾದರೂ ಹೀಗಾಗಿದ್ದರೆ ತಪ್ಪು ನಿಮ್ಮದಲ್ಲ, ಬಿಡುವಿನಲ್ಲಿ ನಾನು ಲೈಬ್ರರಿಯಲ್ಲಿರುತ್ತೇನೆ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು" ಎಂದು ಎಲ್ಲರಿಗೂ ಹೇಳಿ. ಮಗು ಬಂದರೆ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಯಾರಿಗೆ, ಯಾಕೆ ತಿಳಿಸುತ್ತೀರಿ ಎಂಬುದನ್ನು ಮಗುವಿಗೆ ಮೊದಲೇ ಹೇಳಿ.